ಬೀಗವಿಲ್ಲದ ಆವೃತ್ತಿ

ಗಾಜಿನ ಆ ಕಡೆ ಕೂತಿರುವುದು ತನ್ನ ತಾಯಿ ಎಂದು ಚೇತನಾಳಿಗೆ ಗೊತ್ತಾಗುವ ಹೊತ್ತಿಗೆ ಅವಳು ತಾಯಿಯ ಎರಡು ಸುಳ್ಳುಗಳನ್ನು ಇಂಗ್ಲಿಷಿಗೆ ಅನುವಾದ ಮಾಡಿ ಮುಗಿಸಿದ್ದಳು.

ನನ್ನ ಹೆಸರು ಕುಸುಮಾ. ಮಹಾಲಕ್ಷ್ಮಿ ಲೇಔಟಿನಲ್ಲಿ ಮಗನ ಮನೆಯಲ್ಲಿದ್ದೇನೆ.

ಹೆಡ್‌ಫೋನಿನಲ್ಲಿ ಬಂದ ದನಿ ಯಾರದೋ ಆಗಿತ್ತು; ತುಂಬಿದ, ಅವಸರವಿಲ್ಲದ ದನಿ. ಮೈಕಿನ ವೈರಿನ ಸಿಕ್ಕು ಬಿಡಿಸುತ್ತ, ತಲೆ ಎತ್ತದೆಯೇ ಚೇತನಾ ಆ ಮಾತುಗಳನ್ನು ದಾಟಿಸಿದ್ದಳು. ತಲೆ ಎತ್ತಿದಾಗ ಕಂಡದ್ದು ಅಮ್ಮ. ಗಂಗಲಕ್ಷ್ಮಮ್ಮ. ಹಬ್ಬಕ್ಕೆ ಮಾತ್ರ ಬೀರುವಿನಿಂದ ಹೊರಬರುವ ಮಾವಿನ ಚಿಗುರಿನ ಬಣ್ಣದ ಸೀರೆ. ಮಡಿಲಲ್ಲಿ ಪರ್ಸು.

ಅಮ್ಮ ನೇರವಾಗಿ ಅವಳನ್ನೇ ನೋಡುತ್ತಿದ್ದಳು. ಅಂದರೆ, ಕನ್ನಡಿ ನೋಡಿಕೊಳ್ಳುತ್ತಿದ್ದಳು. ಈ ಕಡೆಯಿಂದ ಗಾಜು, ಆ ಕಡೆಯಿಂದ ಕನ್ನಡಿ. ಕಿವಿಯ ಹಿಂದಕ್ಕೆ ಕೂದಲು ಸೇರಿಸಿ, ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದ ರಕ್ಷಾಳ ಕಡೆ ತಿರುಗಿದಳು.

“ಚೇತನಾ, ಮೈಕ್ ಆನ್ ಇದೆಯಾ?” ಎಂದು ಪಕ್ಕದಲ್ಲಿದ್ದ ನಾಗಭೂಷಣ್ ಕೇಳಿದರು. ಅವರು ಆಫೀಸಿನ ಮುಖ್ಯಸ್ಥರು. ಡೆನ್ಮಾರ್ಕಿನಿಂದ ಗೋಡೆಯ ಟಿವಿಯಲ್ಲಿ ಕಾಣುತ್ತಿದ್ದ ಮೆಟ್ಟೆಗೆ, ಈ ಕೆಲಸ ಕೊಟ್ಟ ಕಂಪನಿಯವಳಿಗೆ, ಒಂದು ವಾಕ್ಯ ತಪ್ಪಿಹೋಗಿತ್ತು.

“ಇದೆ ಸರ್.”

ತಪ್ಪಿದ ವಾಕ್ಯ ಇದು: ನನ್ನ ಸೊಸೆ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಅನುವಾದ ಮಾಡುವವರು ಮಾತಾಡುವವರ ಬಾಯಿಂದಲೇ ಮಾತಾಡಬೇಕು. ‘ಅವರು’ ಅನ್ನಬಾರದು, ‘ನಾನು’ ಅನ್ನಬೇಕು. ಅದು ಆಫೀಸಿನ ಪದ್ಧತಿ. ಹಾಗಾಗಿ ಮದುವೆಯಾಗದೆ ನಲವತ್ತು ಮುಟ್ಟುತ್ತಿದ್ದ ಚೇತನಾ, ನನ್ನ ಸೊಸೆ, ಅಂದಳು.

ಗಂಗಲಕ್ಷ್ಮಮ್ಮನಿಗೆ ಮಗನಿರಲಿಲ್ಲ. ಸೊಸೆಯೂ ಇರಲಿಲ್ಲ. ಇದ್ದವಳು ಮಗಳೊಬ್ಬಳೇ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನ ಈ ಕಟ್ಟಡದಲ್ಲಿ ಮುಂಚೆ ಫ್ಯಾನಿನ ರೆಕ್ಕೆ ತಯಾರಾಗುತ್ತಿತ್ತಂತೆ. ಈಗ ಎರಡು ಕೋಣೆ, ಮಧ್ಯೆ ಆ ಗಾಜು. ಜನ ಫೋನನ್ನು ಹೇಗೆ ಬಳಸುತ್ತಾರೆ ಎಂದು ಕಂಪನಿಗಳು ಇಲ್ಲಿ ಬಾಡಿಗೆಗೆ ಕೂತು ನೋಡುತ್ತವೆ. ಕಂಪನಿಗಳ ಪರವಾಗಿ ಈ ಕೆಲಸ ಮಾಡಿಕೊಡುವ ಚೇತನಾಳ ಆಫೀಸು ಊರಿನ ಇನ್ನೊಂದು ತುದಿಯಲ್ಲಿತ್ತು. ಈ ವಾರ ಮಾತ್ರ ಇಲ್ಲಿ.

ವಯಸ್ಸಾದವರ ಫೋನಿನ ಮೇಲೆ ಮಕ್ಕಳು ತಮ್ಮ ಫೋನಿನಿಂದಲೇ ಕಣ್ಣಿಡುವ ಆ್ಯಪ್ ಒಂದನ್ನು ಮೆಟ್ಟೆಯ ಕಂಪನಿ ಮಾಡಿತ್ತು. ಮಾತ್ರೆ ತೆಗೆದುಕೊಂಡರೇ, ಯಾರು ಫೋನ್ ಮಾಡಿದರು, ಈಗ ಎಲ್ಲಿದ್ದಾರೆ. ಆ್ಯಪ್ ಒಂದೇ, ದೇಶಕ್ಕೊಂದು ರೂಪ. ಡೆನ್ಮಾರ್ಕಿನದರಲ್ಲಿ ಮೊದಲು ಕಾಣುವುದು ಮುಚ್ಚಿದ ಬಾಗಿಲು, ಅದಕ್ಕೊಂದು ಬೀಗ. ಮಗ ಒಳಗೆ ನೋಡಬೇಕೆಂದರೆ ಪ್ರತಿ ಸಲವೂ ತಾಯಿ ಬೀಗ ತೆಗೆಯಬೇಕು. ಜಪಾನಿನಲ್ಲಿ ‘ಸಹಾಯ ಬೇಕು’ ಎಂಬ ಕೆಂಪು ಗುಂಡಿಯನ್ನು ಯಾರೂ ಒತ್ತಲಿಲ್ಲವಂತೆ, ಮಕ್ಕಳಿಗೆ ತೊಂದರೆ ಕೊಟ್ಟ ಹಾಗಾಗುತ್ತದೆ ಎಂದು. ಅದಕ್ಕೆ ಬೂದು ಬಣ್ಣ ಬಳಿದು ‘ಬಿಡುವಿದೆಯಾ?’ ಎಂದು ಬರೆದ ಮೇಲೆ ಒತ್ತಿದರಂತೆ. ಬ್ರೆಜಿಲಿನವರು ಅಕ್ಷರವೇ ಬೇಡ, ದನಿ ಸಾಕು ಅಂದರಂತೆ.

ಇಂಡಿಯಾದ ರೂಪ ಚೇತನಾಳದು. ಬೀಗ ತೆಗೆದುಬಿಡಿ, ಅಂದಿದ್ದಳು. ತೆರೆದ ಬಾಗಿಲು, ಹೊಸ್ತಿಲಿಗೆ ರಂಗೋಲಿ, ಹೆಸರು ‘ಮನೆ’. ನಮ್ಮಲ್ಲಿ ಮಕ್ಕಳು ಕೇಳಿಕೊಂಡು ಒಳಗೆ ಬರುವುದಿಲ್ಲ. ಪ್ರೈವೆಸಿ ಅನ್ನುವುದಕ್ಕೆ ನನ್ನ ತಾಯಿಯ ಮಾತಿನಲ್ಲಿ ಪದವೇ ಇಲ್ಲ.

ಆ ಕೊನೆಯ ಮಾತು ಮೆಟ್ಟೆಗೆ ಬಹಳ ಹಿಡಿಸಿತ್ತು. ತಮ್ಮ ದೊಡ್ಡ ಸಭೆಯೊಂದರಲ್ಲಿ ಅದನ್ನು ಗೋಡೆಯಗಲ ಮಾಡಿ ತೋರಿಸಿದ್ದಳು, ಕೆಳಗೆ ಚೇತನಾಳ ಹೆಸರು ಹಾಕಿ.

ಜನರನ್ನು ಕರೆತರುವುದು ಹೊರಗಿನ ಏಜೆನ್ಸಿಯವರ ಕೆಲಸ. ಪಾರ್ಕಿಗೆ ವಾಕಿಂಗ್ ಬರುವವರು, ಭಜನೆ ಮಂಡಳಿಯವರು. ಯಾರು ಬರುತ್ತಾರೆ ಎಂಬುದು ಮೊದಲೇ ತಿಳಿದಿರಬಾರದು. ಗೊತ್ತಿರುವವರು ಬಂದರೆ ಆ ಮಾತುಕತೆಯನ್ನು ಕೈಬಿಡಬೇಕು. ಆ ನಿಯಮ ಮಾಡಿದವಳೂ ಚೇತನಾಳೇ. ಸರ್, ಇವರು ನಮ್ಮಮ್ಮ, ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಅನ್ನಲಿಲ್ಲ. ಸೊಸೆ ಯಾರೆಂದು ತಿಳಿಯಬೇಕಿತ್ತು.

ರಕ್ಷಾ ಈ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಆದರೆ ಅವಳ ಮುಖದಲ್ಲಿ ಎಲ್ಲರ ಮೊಮ್ಮಗಳಾಗುವ ಕಳೆಯೊಂದಿತ್ತು. ಅದಕ್ಕೇ ಅವಳನ್ನು ಒಳಗೆ ಕೂರಿಸುತ್ತಿದ್ದರು. ಫೋನ್ ಯಾರು ಕೊಡಿಸಿದ್ದು ಎಂದು ಕೇಳಿದಳು.

ಸೊಸೆ ಕೊಡಿಸಿದ್ದು, ಅಂದಳು ಅಮ್ಮ. ಒಳ್ಳೆಯದನ್ನೇ ಕೊಡಿಸಿದ್ದಾಳೆ. ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದಾಳೆ. ಮಾತ್ರೆಯ ಹೊತ್ತಿಗೆ ಗಂಟೆ ಹೊಡೆಯುವ ಹಾಗೆ ಮಾಡಿದ್ದಾಳೆ. ಫೋನು ತೆರೆಯಲು ನನ್ನ ಹೆಬ್ಬೆಟ್ಟಿನ ಜೊತೆ ತನ್ನದನ್ನೂ ಸೇರಿಸಿಕೊಂಡಿದ್ದಾಳೆ.

ಚೇತನಾ ಎಲ್ಲವನ್ನೂ ದಾಟಿಸಿದಳು. ಎಲ್ಲವೂ ನಿಜವಾಗಿತ್ತು, ಒಂದು ಪದ ಬಿಟ್ಟು.

ಹೋದ ವರ್ಷ ಯಾರೋ ಪೊಲೀಸರ ವೇಷದಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸಿದ ಕಥೆಯನ್ನೂ ಅಮ್ಮ ಹೇಳಿದಳು. ನಿಮ್ಮ ಮೇಲೆ ಕೇಸಿದೆ, ಬಾಗಿಲು ಹಾಕಿಕೊಂಡು ಫೋನಿನ ಮುಂದೆಯೇ ಕೂತಿರಿ, ಯಾರಿಗೂ ಹೇಳಬೇಡಿ ಎಂದಿದ್ದರಂತೆ. ಮಧ್ಯಾಹ್ನವೆಲ್ಲ ಕೂತಿದ್ದಳಂತೆ, ನೀರು ಕೂಡ ಕುಡಿಯದೆ. ಸಂಜೆ ಸೊಸೆ ಬಂದು ಬಿಡಿಸಿದಳು. ಆವತ್ತಿನಿಂದ ಅವಳಿಗೆ ಭಯ. ಅವಳು ನೋಡುವುದು ತಪ್ಪಲ್ಲ, ಅಂದಳು ಅಮ್ಮ.

“ಏನು ನೋಡ್ತಾರೆ ಆಂಟಿ?”

“ಫೋನು. ನಾನು ಸ್ನಾನಕ್ಕೆ ಹೋದಾಗ ನೋಡ್ತಾಳೆ. ನೀರಿನ ಸದ್ದು ನಿಲ್ಲೋವರ್ಗೂ ನೋಡ್ತಾಳೆ.” ಅಮ್ಮ ಪರ್ಸಿನ ಜಿಪ್ಪನ್ನು ಎಳೆದು ಮತ್ತೆ ಮುಚ್ಚಿದಳು. “ಒಂದೊಂದ್ಸಲ ನನ್ನ ಸ್ನಾನ ಆಗೋಗಿರತ್ತೆ. ನಲ್ಲಿ ಬಿಟ್ಕೊಂಡು ಹಂಗೇ ನಿಂತಿರ್ತೀನಿ. ಪಾಪ, ನೋಡ್ಕೊಳ್ಳಿ ಅಂತ.”

ನಾಗಭೂಷಣ್ ಮುಂದಕ್ಕೆ ಬಾಗಿದರು. ಟಿವಿಯಲ್ಲಿ ಮೆಟ್ಟೆ ಪೆನ್ನು ಕೆಳಗಿಟ್ಟು ಕಾಯುತ್ತಿದ್ದಳು.

ನಾನು ನಲ್ಲಿ ಬಿಟ್ಟುಕೊಂಡು ಹಾಗೇ ನಿಂತಿರುತ್ತೇನೆ, ಅಂದಳು ಚೇತನಾ ಇಂಗ್ಲಿಷಿನಲ್ಲಿ. ತನ್ನ ದನಿ ಹೆಡ್‌ಫೋನಿನಲ್ಲಿ ತನಗೇ ಕೊಂಚ ತಡವಾಗಿ ಕೇಳಿಸಿತು. ಅದರಲ್ಲಿ ನಡುಕವಿರಲಿಲ್ಲ. ಅಭ್ಯಾಸದ ಬಲ. ಅದರ ಬಗ್ಗೆ ಒಂದು ಕ್ಷಣ ಹೆಮ್ಮೆಯೂ ಆಯಿತು, ಮರುಕ್ಷಣ ಆ ಹೆಮ್ಮೆಗೆ ಹೇಸಿಗೆ.

ತಾನು ಇಲ್ಲಿರುವುದು ಅಮ್ಮನಿಗೆ ಗೊತ್ತಿದೆಯೇ? ಬೆಳಿಗ್ಗೆ ಹಲ್ಲುಜ್ಜುತ್ತ ಚೇತನಾ ಏನೋ ಹೇಳಿದ್ದಳು. ಇವತ್ತು ಇಲ್ಲೇ ಹತ್ತಿರ, ಅಂದಿದ್ದಳೋ? ರಾಜಾಜಿನಗರ, ಅಂದಿದ್ದಳೋ? ಬಾಯಿ ತುಂಬ ನೊರೆ ಇತ್ತು. ಅಮ್ಮ ಹ್ಞೂಂ ಅಂದಿದ್ದಳು. ಅಮ್ಮ ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದಳು. ಅದನ್ನು ಒಪ್ಪಿಗೆ ಎಂದು ಚೇತನಾ ಇಷ್ಟು ವರ್ಷ ತಿಳಿದುಕೊಂಡಿದ್ದಳು.

ಅದರ ಬೆನ್ನಿಗೇ ಇನ್ನೊಂದು ಅನುಮಾನ. ಏಜೆನ್ಸಿಯವರು ತರುವ ಜನರಲ್ಲಿ ಕೆಲವರು ಇಲ್ಲಿ ಕೊಡುವ ದುಡ್ಡಿಗಾಗಿ ವೇಷ ಹಾಕಿ ಪಳಗಿದವರು ಎಂಬ ದೂರು ಹಳೆಯದು. ಈ ವಾರ ಸಕ್ಕರೆ ಕಾಯಿಲೆಯವರಾಗಿ ಬರುತ್ತಾರೆ, ಮುಂದಿನ ವಾರ ಕಾರು ಕೊಳ್ಳಲು ಹೊರಟವರಾಗಿ. ಹೊಸಬರು ಆ ಕುರ್ಚಿಯಲ್ಲಿ ಮುದುರಿ ಕೂರುತ್ತಾರೆ. ಅಮ್ಮ ಆರಾಮವಾಗಿ ಬೆನ್ನು ಆನಿಸಿ ಕೂತಿದ್ದಳು. ಎಂದಿನಿಂದ ಬರುತ್ತಿದ್ದಾಳೆ? ಹಿಂದಿನ ಸಲ ಅವಳ ಹೆಸರೇನಿತ್ತು? ಆವಾಗ ಮಕ್ಕಳೇ ಇರಲಿಲ್ಲವೋ ಏನೋ.

ಫೋನ್ ತೋರಿಸಬಹುದಾ ಎಂದು ರಕ್ಷಾ ಕೇಳಿದಳು. ಅಮ್ಮ ಪರ್ಸಿನಿಂದ ಹೊರತೆಗೆದದ್ದು ಕೆಂಪು ಕವರಿನ ಸಣ್ಣ ಫೋನು. ಚೇತನಾ ಕೊಡಿಸಿದ್ದು ದೊಡ್ಡದು, ಕಪ್ಪು.

“ಇದೇನಾ ಆಂಟಿ, ಸೊಸೆ ಕೊಡ್ಸಿದ್ದು?”

“ಅಲ್ಲ. ಅದು ಮನೇಲಿದೆ. ಇದು ನಂದು.”

“ಅವ್ರಿಗೆ ಗೊತ್ತಾ?”

“ಇಲ್ಲ.” ಅಮ್ಮ ನಕ್ಕಳು. ಮೇಲಿನ ಸಾಲಿನಲ್ಲಿ, ಬದಿಗೆ, ಒಂದು ಹಲ್ಲು ಬಿದ್ದಿರುವುದು ಕಂಡಿತು. ಅದು ಯಾವಾಗ ಬಿತ್ತೆಂದು ಚೇತನಾಳಿಗೆ ಗೊತ್ತಿರಲಿಲ್ಲ. “ಆ ಫೋನಲ್ಲಿ ನಾನು ಎಲ್ಲಿದೀನಿ ಅಂತ ಅವ್ಳಿಗೆ ಕಾಣ್ಸತ್ತೆ. ನೋಡಿದ್ರೆ, ಈಗ ನಾನು ಮನೇಲಿದೀನಿ.”

ಚೇತನಾ ಮೇಜಿನ ಕೆಳಗೆ ತನ್ನ ಫೋನನ್ನು ತೆರೆದಳು. ನಕ್ಷೆಯ ಮೇಲೆ ಹೊಸಹಳ್ಳಿಯ ಮನೆ. ಮನೆಯ ಮೇಲೆ ನೀಲಿ ಚುಕ್ಕೆ, ಪಕ್ಕದಲ್ಲಿ ‘ಅಮ್ಮ’. ಗಾಜಿನ ಆಚೆ ಅಮ್ಮ ಲೋಟ ಎತ್ತಿ ನೀರು ಕುಡಿಯುತ್ತಿದ್ದಳು.

ರಕ್ಷಾ ಮುಂದಿನ ಪ್ರಶ್ನೆಗೆ ಹೊರಟಿದ್ದಳು. ನಾಗಭೂಷಣ್ ತಡೆದರು. ಈ ಫೋನಿನಲ್ಲಿ ಯಾರ ಜೊತೆ ಮಾತಾಡುತ್ತಾರೆ ಎಂದು ಕೇಳಿಸಿ, ಅಂದರು. ರಕ್ಷಾಳ ಕಿವಿಗೆ ಮಾತು ಮುಟ್ಟಿಸುವ ಗುಂಡಿ ಚೇತನಾಳ ಮುಂದೆ ಇತ್ತು. ಹಿರಿಯರು ಹೇಳಲು ಹಿಂಜರಿದದ್ದನ್ನು ಕೆದಕಬೇಡ ಎಂದು ರಕ್ಷಾಳಿಗೆ ಪಾಠ ಹೇಳಿದ್ದವಳು ಅವಳೇ. ಈಗ ಗುಂಡಿ ಒತ್ತಿ, ಕೇಳು, ಅಂದಳು. ರಕ್ಷಾ ಕೇಳಿದಳು. ಅಮ್ಮ ಉತ್ತರ ಕೊಡದೆ ಫೋನನ್ನು ಕವಚಿ ಹಾಕಿದಳು.

ಚೇತನಾ ಮತ್ತೆ ಗುಂಡಿ ಒತ್ತಿದಳು. “ಇನ್ನೊಂದ್ಸಲ ಕೇಳು. ಬಿಡಬೇಡ.”

ನಾಗಭೂಷಣ್ ಅವಳ ಮುಖ ನೋಡಿದರು.

ಅಮ್ಮ ರಕ್ಷಾಳನ್ನು ಬಿಟ್ಟು ಕನ್ನಡಿಯ ಕಡೆ ತಿರುಗಿದಳು. ಕೋಪವಿರಲಿಲ್ಲ. ಅಂಗಡಿಯಲ್ಲಿ ಬೇಡವಾದ ಸೀರೆಯನ್ನು ಪಕ್ಕಕ್ಕೆ ಸರಿಸುವಾಗಿನ ಮುಖ.

“ಅವ್ಳಿಗೆ ಎಲ್ಲಾ ಕೊಟ್ಟಿದೀನಮ್ಮ,” ಅಂದಳು. “ಇಷ್ಟು, ನನ್ನ ಪಾಡಿಗೆ ನಂಗಿರ್ಲಿ.”

ಏನಂದರು ಎಂದು ಟಿವಿಯಿಂದ ಮೆಟ್ಟೆ ಕೇಳಿದಳು. ಆ ಹೆಂಗಸಿನ ಮುಖ ನೋಡಿದರೆ ಇದು ಮುಖ್ಯವಾದ ಮಾತು ಅನ್ನಿಸುತ್ತದೆ, ಅಂದಳು.

ಚೇತನಾ ಬಾಯಿ ತೆರೆದಳು. ಪಾಡು. ಅದು ಏಕಾಂತವಲ್ಲ, ಒಂಟಿತನವಲ್ಲ. ಹಕ್ಕಲ್ಲ, ಗುಟ್ಟೂ ಅಲ್ಲ. ಒಬ್ಬರು ಪಡುವ ಕಷ್ಟಕ್ಕೂ ಅದೇ ಪದ, ಅವರನ್ನು ಅವರಷ್ಟಕ್ಕೆ ಬಿಡುವುದಕ್ಕೂ ಅದೇ. ಇಂಗ್ಲಿಷಿನಲ್ಲಿ ತಡಕಾಡಿದಳು. ಸಿಕ್ಕಿದ ಒಂದೇ ಪದ, ತನ್ನ ತಾಯಿಯ ಮಾತಿನಲ್ಲಿ ಇಲ್ಲವೆಂದು ತಾನೇ ಹೇಳಿದ್ದ ಪದ.

ವಿಶೇಷವೇನಿಲ್ಲ, ಅಂದಳು. ಮಾತಿನ ರೂಢಿ. ಅದು ಅಂಥ ದೊಡ್ಡ ವಿಷಯವಲ್ಲ ಅನ್ನುತ್ತಿದ್ದಾರೆ.

ನಾಗಭೂಷಣ್ ಕನ್ನಡದವರು. ಏನೋ ಹೇಳಲು ಹೋದವರು ಟಿವಿಯ ಕಡೆ ನೋಡಿ, ಟಿಪ್ಪಣಿ ಬರೆದುಕೊಳ್ಳತೊಡಗಿದರು.

ಕೊನೆಗೆ ರಕ್ಷಾ ಎರಡು ಚಿತ್ರಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ಬೀಗ ಹಾಕಿದ ಬಾಗಿಲು. ಇನ್ನೊಂದರಲ್ಲಿ ತೆರೆದ ಬಾಗಿಲು, ರಂಗೋಲಿ. ಯಾವುದು ನಿಮ್ಮ ಫೋನಿನಲ್ಲಿರಲಿ ಎಂದು ಕೇಳಿದಳು.

ಅಮ್ಮ ಬೀಗವನ್ನೇ ಮುಟ್ಟುತ್ತಾಳೆ. ಅದರಲ್ಲಿ ಚೇತನಾಳಿಗೆ ಸಂಶಯವಿರಲಿಲ್ಲ. ಆ ಬೆರಳು ಬೀಗದ ಮೇಲೆ ಇಳಿದ ಕ್ಷಣ ಎಲ್ಲ ಹೇಳಿಬಿಡಬೇಕು, ಇವರು ನನ್ನ ತಾಯಿ, ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಎದ್ದುಬಿಡಬೇಕು ಅಂದುಕೊಂಡಳು. ತನ್ನ ಎರಡು ವರ್ಷದ ಕೆಲಸವನ್ನು ಉಳಿಸಿಕೊಳ್ಳಲು ಹಾಗೆ ಯೋಚಿಸುತ್ತಿದ್ದೇನೆ ಎಂಬುದೂ ಅವಳಿಗೆ ತಿಳಿಯಿತು.

ಅಮ್ಮ ರಂಗೋಲಿಯ ಮೇಲೆ ಬೆರಳಿಟ್ಟಳು.

“ಯಾಕೆ ಆಂಟಿ?”

“ಬೀಗ ಹಾಕಿದ್ರೆ ಒಳಗೇನೋ ಇದೆ ಅಂತ ಅವ್ಳಿಗೆ ಗೊತ್ತಾಗತ್ತೆ. ಬಾಗ್ಲು ತೆಗ್ದಿದ್ರೆ, ಏನೂ ಇಲ್ಲ ಅಂದ್ಕೊಂಡು ಬಾಗ್ಲಲ್ಲೇ ನೋಡ್ಕೊಂಡು ಹೋಗ್ತಾಳೆ.”

ಚೇತನಾ ಮೊದಲ ವಾಕ್ಯವನ್ನು ಪೂರ್ತಿ ದಾಟಿಸಿದಳು, ಎರಡನೆಯದರಲ್ಲಿ ಅರ್ಧ. ಬೀಗ ಹಾಕುವುದೆಂದರೆ ಇಲ್ಲಿ ಮನೆಯವರನ್ನು ನಂಬದ ಅವಮಾನ ಎಂದು ಮೆಟ್ಟೆ ಅರ್ಥ ಮಾಡಿಕೊಂಡಳು. ಅವಳು ಬಹಳ ಹೊತ್ತು ಬರೆದುಕೊಂಡಳು.

ಚಿತ್ರದ ಕೆಳಗೆ ಮನೆಯವರ ಹೆಸರು ತುಂಬುವ ಜಾಗವಿತ್ತು. ಸೊಸೆಯ ಹೆಸರು ಹಾಕೋಣ, ಏನು ಹೆಸರು ಎಂದು ರಕ್ಷಾ ಕೇಳಿದಳು. ಚೇತನಾಳ ಕೈ ತನಗೆ ತಿಳಿಯದೆ ಹೆಡ್‌ಫೋನನ್ನು ಕಿವಿಗೆ ಒತ್ತಿಹಿಡಿಯಿತು.

“ಹೆಸರು ಬೇಡ ಬಿಡು,” ಅಂದಳು ಅಮ್ಮ. “ಸೊಸೆ ಅಂತಾನೇ ಹಾಕು. ಒಳ್ಳೆ ಹುಡುಗಿ ಅವ್ಳು.”

ಮಧ್ಯಾಹ್ನ ಊಟದ ಹೊತ್ತಿಗೆ ಚೇತನಾ ಮನೆಯ ಫೋನಿಗೆ, ಅಂದರೆ ಆ ಕಪ್ಪು ಫೋನಿಗೆ, ಕರೆ ಮಾಡಿದಳು. ಪೂರ್ತಿ ಹೊಡೆದುಕೊಂಡು ನಿಂತಿತು. ಚುಕ್ಕೆ ಮನೆಯಲ್ಲೇ ಇತ್ತು, ಕದಲದೆ. ಆ ಖಾಲಿ ಮನೆಯಲ್ಲಿ ಮೇಜಿನ ಮೇಲೆ ಬಿದ್ದು ಹೊಡೆದುಕೊಳ್ಳುತ್ತಿರುವ ಫೋನೇ ಇಷ್ಟು ದಿನ ತನಗೆ ಅಮ್ಮನಾಗಿ ಕಂಡದ್ದು ಎಂದು ಅನ್ನಿಸಿತು. ಇಷ್ಟು ದಿನ ಅಂದರೆ ಎಷ್ಟು ದಿನ ಎಂದು ಹೇಳುವವರಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅದೇ ನಂಬರಿನಿಂದ ಅಮ್ಮನೇ ಮಾಡಿದಳು.

“ಸ್ನಾನಕ್ಕೆ ಹೋಗಿದ್ದೆ ಕಣೇ. ಏನು?”

“ಏನಿಲ್ಲ. ಮಾತ್ರೆ ತಗೊಂಡ್ಯಾ?”

“ಹ್ಞೂಂ.”

ಊಟದ ನಂತರ ನಾಗಭೂಷಣ್, ಚೇತನಾ, ಟಿವಿಯಲ್ಲಿ ಮೆಟ್ಟೆ, ಮೂವರೂ ಬೆಳಗಿನ ಮಾತುಕತೆಯ ಬಗ್ಗೆ ಚರ್ಚೆ ಮಾಡಿದರು. ಇಡೀ ವಾರದಲ್ಲಿ ಇದೇ ಶ್ರೇಷ್ಠ ಎಂದು ಮೆಟ್ಟೆ ಹೇಳಿದಳು. ಆದರೆ ಅವಳಿಗೊಂದು ಗೊಂದಲ. ಬೀಗ ಬೇಡ ಅನ್ನುವ ಹೆಂಗಸು ಎರಡನೇ ಫೋನು ಯಾಕೆ ಇಟ್ಟುಕೊಂಡಿದ್ದಾಳೆ? ನಲ್ಲಿ ಬಿಟ್ಟುಕೊಂಡು ಯಾಕೆ ನಿಲ್ಲುತ್ತಾಳೆ?

ಅದು ಸೊಸೆಯ ವಿಷಯ, ಅಂದರು ನಾಗಭೂಷಣ್. ನಮ್ಮ ದೇಶದಲ್ಲಿ ಅತ್ತೆ ಸೊಸೆಯ ನಡುವೆ ಇದು ಇದ್ದದ್ದೇ, ಅದಕ್ಕೊಂದು ದೊಡ್ಡ ಇತಿಹಾಸವಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದರು. ಆಮೇಲೆ ಚೇತನಾಳ ಕಡೆ ತಿರುಗಿ ಕನ್ನಡದಲ್ಲಿ, “ಮಗಳಾಗಿದ್ರೆ ಈ ಪ್ರಾಬ್ಲಮ್ಮೇ ಇರ್ತಿರ್ಲಿಲ್ಲ, ಅಲ್ವಾ?” ಅಂದರು.

ಚೇತನಾ ಹ್ಞೂಂ ಅಂದಳು.

ಮೆಟ್ಟೆಗೆ ಒಂದು ಉಪಾಯ ಹೊಳೆಯಿತು. ಇಂಡಿಯಾದ ಆವೃತ್ತಿಯಲ್ಲಿ ಮೊದಲು ಸಂಬಂಧ ಕೇಳೋಣ. ಸೊಸೆ ಎಂದು ಆರಿಸಿದರೆ ಮಾತ್ರ ಬೀಗ ಕಾಣಿಸಲಿ. ಮಗ, ಮಗಳು ಎಂದರೆ ಬೇಡ, ತೆರೆದ ಬಾಗಿಲು. ಇಷ್ಟು ಸೂಕ್ಷ್ಮವಾಗಿ ಒಂದು ಸಂಸ್ಕೃತಿಯನ್ನು ಗಮನಿಸಿ ಮಾಡಿದ ಆ್ಯಪ್ ಬೇರೆ ಇಲ್ಲ, ಅಂದಳು. ಇದು ಸರಿ ಅನ್ನಿಸುತ್ತದೆಯೇ ಎಂದು ಚೇತನಾಳನ್ನು ಕೇಳಿದಳು. ನಿನ್ನ ತಾಯಿಗೆ ಇದು ಒಪ್ಪಿಗೆಯಾಗುತ್ತದೆಯೇ?

ಆಗುತ್ತದೆ, ಅಂದಳು ಚೇತನಾ.

ಮೆಟ್ಟೆ ಟಿವಿಯಿಂದ ಹೋದ ಮೇಲೆ ನಾಗಭೂಷಣ್ ತಮ್ಮ ಬ್ಯಾಗಿಗೆ ಲ್ಯಾಪ್‌ಟಾಪ್ ತುರುಕುತ್ತ ಒಂದು ಮಾತು ಕೇಳಿದರು. ಕೇಳುವಾಗ ಅವಳ ಮುಖ ನೋಡಲಿಲ್ಲ.

“ಆ ಹೆಂಗಸು ನಿಜ ಹೇಳ್ತಿದ್ರು ಅನ್ಸತ್ತಾ ನಿಮ್ಗೆ?”

“ಮಗ ಇದಾನೋ ಇಲ್ವೋ ಗೊತ್ತಿಲ್ಲ ಸರ್. ಮಿಕ್ಕಿದ್ದು ನಿಜ.”

“ಮಿಕ್ಕಿದ್ದು ಸಾಕು ನಮ್ಗೆ,” ಅಂದರು ಅವರು.

ಕಾರ್ಡ್ ರೋಡಿನಲ್ಲಿ ಆಟೋ ಇಂಚಿಂಚಾಗಿ ಸರಿಯಿತು. ಚೇತನಾ ದಾರಿಯುದ್ದಕ್ಕೂ ಒಂದೊಂದೇ ಮುಖವನ್ನು ನೆನಪಿಗೆ ತಂದುಕೊಂಡಳು. ಆ ಕೆಂಪು ಫೋನಿನ ಇನ್ನೊಂದು ತುದಿಯಲ್ಲಿ ಯಾರಿರಬಹುದು? ಬಿನ್ನಿಪೇಟೆಯಲ್ಲಿ ಅಮ್ಮನ ಹಳೆಯ ಗೆಳತಿಯೊಬ್ಬಳಿದ್ದಳು. ತೀರಿಕೊಂಡು ಬಹಳ ಕಾಲವಾಯಿತು. ಪಾರ್ಕಿನ ಹೆಂಗಸರು? ಅವರ ಜೊತೆ ಮಾತಾಡಲು ಗುಟ್ಟೇಕೆ? ಯಾರೋ ಗಂಡಸು? ಆ ಯೋಚನೆ ಬಂದಾಗ ಅವಳಿಗೆ ಗಾಬರಿಯಾಗಲಿಲ್ಲ, ಒಂದು ಬಗೆಯ ನಿರಾಳವೇ ಆಯಿತು. ಅದಕ್ಕೆ ಒಂದು ಅರ್ಥವಾದರೂ ಇರುತ್ತಿತ್ತು. ಮತ್ತೆ ಆ ಪೊಲೀಸ್ ವೇಷದವರೇ ಇರಬಹುದು. ಅಥವಾ ಯಾರೂ ಇಲ್ಲದಿರಬಹುದು. ಯಾರಿಗೂ ಮಾಡದ, ಯಾರಿಂದಲೂ ಬಾರದ ಒಂದು ಫೋನು. ಅದು ಎಲ್ಲಕ್ಕಿಂತ ಕೆಟ್ಟದ್ದಾಗಿ ಕಂಡಿತು.

ಮನೆಯಲ್ಲಿ ಅಮ್ಮ ಹಳೆಯ ಹತ್ತಿ ಸೀರೆಯಲ್ಲಿದ್ದಳು. ಹಾಲ್‌ನ ಕಿಟಕಿ ಬೋಳಾಗಿತ್ತು. ಪರದೆಗಳು ಹಿಂದಿನ ಬಾಲ್ಕನಿಯ ತಂತಿಯ ಮೇಲೆ ನೀರಿಳಿಸುತ್ತಿದ್ದವು.

“ಬೆಳಗಿಂದ ಕರ್ಟನ್ ಒಗ್ಯೋದ್ರಲ್ಲೇ ಆಯ್ತು,” ಅಂದಳು ಅಮ್ಮ. ಕೇಳದೆ ಕೊಟ್ಟ ಸಾಕ್ಷಿ.

ಚೇತನಾ ಚಪ್ಪಲಿ ಬಿಟ್ಟು ಸೋಫಾದ ಮೇಲೆ ಕೂತಳು. ಈಗ ಕೇಳಬೇಕು. ಇವತ್ತು ಎಲ್ಲಿಗೆ ಹೋಗಿದ್ದೆ? ಆದರೆ ಅದನ್ನು ಕೇಳಲು ತಾನು ಎಲ್ಲಿದ್ದೆ ಎಂದು ಹೇಳಬೇಕು. ಅಮ್ಮ ಕಾಫಿ ತಂದಿಟ್ಟು ಒಂದು ಕ್ಷಣ ಅವಳ ಕತ್ತು ನೋಡಿದಳು.

“ಗಂಟ್ಲು ಯಾಕೆ ಬಿದ್ದಿದೆ? ಜಾಸ್ತಿ ಮಾತಾಡಿದ್ಯಾ?”

ಚೇತನಾ ಇನ್ನೂ ಒಂದು ಮಾತೂ ಆಡಿರಲಿಲ್ಲ. ಆಡಿದ್ದಳೇ? ಬಾಗಿಲಲ್ಲಿ, ಅಮ್ಮಾ, ಅಂದಿದ್ದಳು. ಅಷ್ಟರಲ್ಲೇ ಗೊತ್ತಾಯಿತೇ?

“ಆಫೀಸಲ್ಲಿ ಮೀಟಿಂಗ್ ಇತ್ತು,” ಅಂದಳು.

“ಹ್ಞೂಂ,” ಅಂದಳು ಅಮ್ಮ. ಪರದೆ ಒಗೆದು ಮೈಯೆಲ್ಲ ಧೂಳು, ಇನ್ನೊಮ್ಮೆ ಮೈಗೆ ನೀರು ಹಾಕಿಕೊಂಡು ಬರುತ್ತೇನೆ ಎಂದು ಟವೆಲ್ ಹಿಡಿದು ಬಚ್ಚಲಿಗೆ ಹೋದಳು. ಚಿಲಕ ಹಾಕಿದ ಸದ್ದು. ನಲ್ಲಿ ಬಿಟ್ಟ ಸದ್ದು.

ಕಪ್ಪು ಫೋನು ಟಿವಿಯ ಪಕ್ಕದಲ್ಲಿತ್ತು. ಚೇತನಾಳ ಹೆಬ್ಬೆಟ್ಟು ಮುಟ್ಟಿದೊಡನೆ ತೆರೆದುಕೊಂಡಿತು. ಬಂದ ಕರೆಗಳು: ಚೇತನಾ, ಚೇತನಾ, ಚೇತನಾ. ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋದಳು, ತಿಂಗಳುಗಳು ಸರಿದವು, ಅದೇ ಹೆಸರು. ಇಷ್ಟು ಚೊಕ್ಕಟವಾದ ಫೋನನ್ನು ದಿನವೂ ನೋಡಿ ಸಮಾಧಾನ ಪಡುತ್ತಿದ್ದೆನಲ್ಲ ಅನ್ನಿಸಿತು.

ಫೋನನ್ನು ಇದ್ದಲ್ಲೇ ಇಟ್ಟು ಅಮ್ಮನ ಕೋಣೆಗೆ ಹೋದಳು. ಬೀರು ತೆರೆದಳು. ಮಾವಿನ ಚಿಗುರಿನ ಸೀರೆ ತನ್ನ ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಕೆಡದೆ ಮಲಗಿತ್ತು, ಹೋದ ಹಬ್ಬದಿಂದ ಅಲ್ಲೇ ಇರುವ ಹಾಗೆ. ಒಂದು ಕ್ಷಣ, ತಾನು ನೋಡಿದ್ದೇ ಸುಳ್ಳಿರಬಹುದೇ, ಕುಸುಮಾ ಎಂಬ ಹೆಂಗಸು ನಿಜಕ್ಕೂ ಮಹಾಲಕ್ಷ್ಮಿ ಲೇಔಟಿನಲ್ಲಿ ಇರಬಹುದೇ ಅನ್ನಿಸಿತು. ಸೀರೆಗಳ ನಡುವೆ ಕೈ ಹಾಕಿದಳು. ರವಿಕೆಗಳ ಕೆಳಗೆ, ಶಾಲಿನ ಒಳಗೆ, ಅಪ್ಪನ ಫೋಟೋದ ಹಿಂದೆ. ಕೈಗೆ ನುಸಿಗುಳಿಗೆ ಸಿಕ್ಕಿತು.

ಆಗ ಅವಳಿಗೆ ನೀರಿನ ಸದ್ದು ಕೇಳಿಸಿತು. ಮೊದಲಿನಿಂದಲೂ ಕೇಳುತ್ತಲೇ ಇತ್ತು, ಈಗ ಕಿವಿಗೊಟ್ಟಳು. ಚೊಂಬು ಮುಳುಗುವ ಸದ್ದಿಲ್ಲ. ಮೈಮೇಲೆ ಬಿದ್ದು ಚೆದುರುವ ಸದ್ದಿಲ್ಲ. ನಲ್ಲಿಯಿಂದ ನೇರ ನೆಲಕ್ಕೆ, ಒಂದೇ ಸಮನೆ, ಯಾವುದಕ್ಕೂ ತಾಗದೆ ಬೀಳುವ ನೀರು.

ಚೇತನಾ ಸೀರೆಗಳ ನಡುವೆ ಕೈಯಿಟ್ಟುಕೊಂಡು ನಿಂತಳು. ಗೋಡೆಯ ಆ ಕಡೆ ಅಮ್ಮ ನಿಂತಿದ್ದಳು. ಎಷ್ಟು ಹೊತ್ತು ಹಾಗೆ ನಿಂತರೋ. ಕೊನೆಗೆ ಚೇತನಾ ಕೈ ಹೊರತೆಗೆದು, ಬೀರುವಿನ ಬಾಗಿಲನ್ನು ಸದ್ದಾಗುವ ಹಾಗೆ ಮುಚ್ಚಿದಳು.

ನಲ್ಲಿ ನಿಂತಿತು.

ಊಟಕ್ಕೆ ಮುದ್ದೆ, ಬಸ್ಸಾರು. ಮೇಜು ಹಾಲ್‌ನ ಪರದೆಯಿಲ್ಲದ ಕಿಟಕಿಗೆ ಅಂಟಿಕೊಂಡಿತ್ತು. ಅದರಾಚೆ ಮೆಟ್ರೋದ ಹಳಿ, ಅವರ ಎರಡನೇ ಮಹಡಿಯ ಸಮಕ್ಕೇ ಹಾದುಹೋಗುತ್ತಿತ್ತು. ಇಬ್ಬರೂ ಉಣ್ಣುತ್ತಿದ್ದಾಗ ರೈಲೊಂದು ಬಂದು, ಸಿಗ್ನಲ್ ಸಿಗಲಿಲ್ಲವೋ ಏನೋ, ನಿಧಾನವಾಗಿ ಅವರೆದುರೇ ನಿಂತುಬಿಟ್ಟಿತು. ಬೋಗಿಯ ಬಿಳಿ ಬೆಳಕಿನಲ್ಲಿ ಆಫೀಸು ಮುಗಿಸಿದ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ನೋಡಲು ಬೇರೇನೂ ಇಲ್ಲದ್ದರಿಂದ ಇವರನ್ನು ನೋಡಿದರು.

ಚೇತನಾ ಲೈಟು ಆರಿಸಲು ಏಳುವವಳಿದ್ದಳು. ಅಷ್ಟರಲ್ಲಿ ಅಮ್ಮ ರೈಲಿನ ಕಡೆ ನೋಡಿ, ಬೆಳಿಗ್ಗೆ ಕನ್ನಡಿಯ ಮುಂದೆ ಕೂತ ಹಾಗೆ, ಸೆರಗು ಸರಿಮಾಡಿಕೊಂಡಳು, ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. ಸೌಟು ತುಂಬ ಸಾರು ಎತ್ತಿ ಅವಳ ತಟ್ಟೆಗೆ ಬಡಿಸಿದಳು. ಇನ್ನೊಂದು ಕೈಯಿಂದ ಅವಳ ತಲೆ ನೇವರಿಸಿದಳು. ಹಾಗೆ ನೇವರಿಸಿ ವರ್ಷಗಳಾಗಿದ್ದವು. ಕೈ ತಣ್ಣಗಿತ್ತು, ಒದ್ದೆಯಿತ್ತು.

ಚೇತನಾ ನಕ್ಕಳು. ಏಕೆಂದು ತಿಳಿಯಲಿಲ್ಲ, ಮುಖವೇ ನಕ್ಕಿತು. ಬೋಗಿಯೊಳಗೆ ಕಂಬ ಹಿಡಿದು ನಿಂತ ಹೆಂಗಸೊಬ್ಬಳೂ ನಕ್ಕಳು. ಪಕ್ಕದವಳ ಭುಜ ತಟ್ಟಿ ಇವರ ಕಡೆ ತೋರಿಸಿದಳು.

ರೈಲು ಕದಲಲಿಲ್ಲ. ಅಮ್ಮ ಇನ್ನೊಂದು ಸೌಟು ಬಡಿಸಿದಳು. ಆಮೇಲೆ ಮತ್ತೊಂದು. ಸಾರು ತಟ್ಟೆಯ ಅಂಚು ದಾಟಿ ಮೇಜಿನ ಮೇಲೆ ಹರಿದು, ತುದಿಯಿಂದ ಚೇತನಾಳ ಮಡಿಲಿಗೆ ತೊಟ್ಟಿಕ್ಕತೊಡಗಿತು. ಇಬ್ಬರೂ ಅತ್ತ ನೋಡಲಿಲ್ಲ. ಅಮ್ಮನ ಕೈ ತಲೆಯ ಮೇಲೆ ಹಾಗೇ ಇತ್ತು, ಮುಖಗಳು ಕಿಟಕಿಯ ಕಡೆಗಿದ್ದವು, ರೈಲು ನಿಂತೇ ಇತ್ತು.